ಪೆಟ್ರೋಲ್ ಜೀಪಿಗೆ ಬೇರೆ ಡಿಸ್ಟ್ರಿಬ್ಯೂಟರ್ ಕೂರಿಸಿ ಟೈಮಿಂಗ್ ಹಿಡಿಯುವುದು

ಕೊಡಗಿನ ತೋಟಗಳಲ್ಲಿ ಹಳೆ ಜೀಪಿಗೇನೂ ಬರವಿಲ್ಲ. ಆದರೆ ಬಾನೆಟ್ ಎತ್ತಿದರೆ ಒಳಗೆ ಸಿಗುವುದು ಹೆಚ್ಚಾಗಿ ಡೀಸೆಲ್ ಎಂಜಿನ್. ಪೆಟ್ರೋಲ್ ಎಂಜಿನ್ ಎಂದೋ ಗುಜರಿಗೆ ಹೋಗಿರುತ್ತದೆ. ಮೂಲ ಎಂಜಿನ್ನನ್ನೇ ಉಳಿಸಿಕೊಂಡು ಓಡಿಸುತ್ತಿರುವವರಿಗಾಗಿ ಇದು. ವಿಲ್ಲಿಸ್ 1953ರಲ್ಲಿ ತಂದ, ಆಮೇಲೆ ಮಹೀಂದ್ರ ಇಲ್ಲೇ ತಯಾರಿಸಿದ ಎತ್ತರ ಬಾನೆಟ್ಟಿನ ಸಿಜೆ-3ಬಿ ಮತ್ತು ಅದರ 2.2 ಲೀಟರ್, ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್ನನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೂ ಕೆಲಸದ ಕ್ರಮ ಇದೇ. ಅಳತೆಗಳನ್ನು ಮಾತ್ರ ಆಯಾ ಗಾಡಿಯ ಪುಸ್ತಕದಿಂದ ತೆಗೆದುಕೊಳ್ಳಿ.

ಕಾಯಿಲಿನ ಕರೆಂಟನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರ್, ಅದರೊಳಗೆ ತೆರೆದು ಮುಚ್ಚುವ ಸ್ವಿಚ್ಚೇ ಪಾಯಿಂಟ್, ಪಿಸ್ಟನ್ ಎಲ್ಲಿರುವಾಗ ಕಿಡಿ ಹಾರಬೇಕು ಎಂಬುದೇ ಟೈಮಿಂಗ್. ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಪಾಯಿಂಟಿನ ಗ್ಯಾಪ್ ಡಿಸ್ಟ್ರಿಬ್ಯೂಟರಿಗೆ ಸೇರಿದ ಲೆಕ್ಕ, ಟೈಮಿಂಗಿನ ಡಿಗ್ರಿ ಎಂಜಿನ್ನಿಗೆ ಸೇರಿದ ಲೆಕ್ಕ. ಬೇರೆ ಡಿಸ್ಟ್ರಿಬ್ಯೂಟರ್ ಹಾಕಿದಾಗ ಗ್ಯಾಪ್ ಬದಲಾಗಬಹುದು, ಡಿಗ್ರಿ ಬದಲಾಗುವುದಿಲ್ಲ. ಇವೆರಡನ್ನು ಕಲಸುಮೇಲೋಗರ ಮಾಡಿಕೊಂಡು ವಾರಗಟ್ಟಲೆ ಒದ್ದಾಡುವವರೇ ಹೆಚ್ಚು.

ಬದಲಾಯಿಸಲೇಬೇಕೇ?

ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪ್ ತೆಗೆದು, ಒಳಗೆ ತಿರುಗುತ್ತ ಕರೆಂಟು ಹಂಚುವ ರೋಟರ್ ಕೂರುವ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಟಕ್ ಟಕ್ ಎಂದು ಕೈಗೆ ಸಿಕ್ಕರೆ ಬುಷ್ ಸವೆದಿದೆ. ಇನ್ನೂ ಖಾತ್ರಿ ಬೇಕಿದ್ದರೆ ಪಾಯಿಂಟನ್ನು ತೆರೆಸುವ ಕ್ಯಾಮಿನ ನಾಲ್ಕೂ ಮೂಲೆಗಳಲ್ಲಿ ಪಾಯಿಂಟಿನ ನಡುವೆ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ. ಒಂದು ಮೂಲೆಯಲ್ಲಿ 0.45 ಮಿ.ಮೀ., ಎದುರಿನ ಮೂಲೆಯಲ್ಲಿ 0.6 ಮಿ.ಮೀ. ಬಂದರೆ ಒಂದೊಂದು ಸಿಲಿಂಡರಿನಲ್ಲಿ ಒಂದೊಂದು ಟೈಮಿಂಗ್ ಎಂದೇ ಅರ್ಥ. ಅಂಥದ್ದನ್ನು ಯಾರು ಎಷ್ಟು ಸೆಟ್ ಮಾಡಿದರೂ ನಿಲ್ಲದು.

ಶಾಫ್ಟ್ ಗಟ್ಟಿಯಾಗಿದ್ದು ಗಾಡಿ ಬರೀ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಡಿಸ್ಟ್ರಿಬ್ಯೂಟರನ್ನು ಮುಟ್ಟಬೇಡಿ. ಪಾಯಿಂಟ್, ಕಂಡೆನ್ಸರ್, ರೋಟರ್, ಕ್ಯಾಪ್ ಬದಲಿಸಿದರೆ ಸಾಕು. ನಮ್ಮ ಮಳೆಗಾಲದಲ್ಲಿ ಅರ್ಧಕ್ಕರ್ಧ ದೂರು ಕ್ಯಾಪಿನೊಳಗಿನ ತೇವದ್ದು. ಕಕ್ಕಡದ ಮಳೆಯಲ್ಲಿ ಶೆಡ್ಡಿನಲ್ಲೇ ನಿಂತಿದ್ದ ಗಾಡಿಯ ಕ್ಯಾಪ್ ಬಿಚ್ಚಿದರೂ ಒಳಗೆ ಬೆವರಿನ ಹನಿ ಕಾಣುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಹಾಕಿದರೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಅಷ್ಟಕ್ಕೇ ಹೊಸ ಡಿಸ್ಟ್ರಿಬ್ಯೂಟರ್ ತಂದವರಿದ್ದಾರೆ.

ತಂದದ್ದನ್ನು ಹಳೆಯದರ ಪಕ್ಕ ಇಟ್ಟು ನೋಡಿ

ಹೊಸದನ್ನೂ ಹಳೆಯದನ್ನೂ ಒಂದೇ ಹಲಗೆಯ ಮೇಲೆ ಮಲಗಿಸಿ ಹೋಲಿಸಿ. ಕೆಳಗಿನ ಕೊಳವೆಯ ಉದ್ದ ಮತ್ತು ದಪ್ಪ ಒಂದೇ ಇರಬೇಕು. ತುದಿಯ ನಾಲಿಗೆ ನಡುವಿನಿಂದ ಒಂದು ಬದಿಗೆ ಸರಿದಿರುತ್ತದೆ, ಆ ಸರಿತವೂ ಹೊಂದಬೇಕು. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರಿಗೆ ಸ್ವಂತ ಗೇರ್ ಇಲ್ಲ. ಕ್ಯಾಮ್‌ಶಾಫ್ಟ್ ಆಯಿಲ್ ಪಂಪಿನ ಶಾಫ್ಟನ್ನು ತಿರುಗಿಸುತ್ತದೆ, ಆ ಶಾಫ್ಟಿನ ತುದಿಯ ಸೀಳಿನಲ್ಲಿ ಡಿಸ್ಟ್ರಿಬ್ಯೂಟರಿನ ನಾಲಿಗೆ ಕೂರುತ್ತದೆ. ಸೀಳು ನಡುವಿನಲ್ಲಿಲ್ಲದ ಕಾರಣ ನಾಲಿಗೆ ಒಂದೇ ರೀತಿಯಲ್ಲಿ ಒಳಗಿಳಿಯುತ್ತದೆ, ತಲೆಕೆಳಗಾಗಿ ಕೂರುವ ಭಯವಿಲ್ಲ.

ಆಮೇಲೆ ತಿರುಗುವ ದಿಕ್ಕು. ಮೇಲಿನಿಂದ ನೋಡಿದರೆ ಈ ಎಂಜಿನ್ನಿನ ರೋಟರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ರೋಟರನ್ನು ಬೆರಳಿನಿಂದ ಆ ದಿಕ್ಕಿಗೆ ತಿರುಚಿ ಬಿಟ್ಟರೆ ಸ್ವಲ್ಪ ಹೋಗಿ ಸ್ಪ್ರಿಂಗಿನ ಎಳೆತಕ್ಕೆ ತಾನೇ ವಾಪಸು ಬರಬೇಕು. ಒಳಗಿನ ತೂಕದ ತುಂಡುಗಳು ವೇಗ ಹೆಚ್ಚಿದಂತೆ ಹೊರಚೆಲ್ಲಿ ಕ್ಯಾಮನ್ನು ಮುಂದೆ ನೂಕುವ ವ್ಯವಸ್ಥೆ ಅದು. ಎದುರು ದಿಕ್ಕಿನ ಬೇರೆ ಗಾಡಿಯದನ್ನು ತಂದು ಹಾಕಿದರೆ ವೇಗ ಏರಿದಂತೆ ಟೈಮಿಂಗ್ ಮುಂದೆ ಹೋಗುವ ಬದಲು ಹಿಂದೆ ಬೀಳುತ್ತದೆ. ಐಡ್ಲಿಂಗ್ ಚೆನ್ನಾಗಿಯೇ ಇರುತ್ತದೆ, ಏರಿನಲ್ಲಿ ಮಾತ್ರ ಗಾಡಿ ಕುಂಟುತ್ತದೆ. ರೋಟರ್ ವಾಪಸು ಬಾರದೆ ಅಲ್ಲೇ ನಿಂತರೆ ತುಂಡುಗಳು ತುಕ್ಕು ಹಿಡಿದಿವೆ, ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಹನಿ ಎಣ್ಣೆ ಬಿಡದೆ ಹಾಕಬೇಡಿ. ಕಾಲಗಟ್ಟಲೆ ಅಂಗಡಿಯ ಅಟ್ಟದಲ್ಲಿದ್ದ "ಹೊಸ" ಡಿಸ್ಟ್ರಿಬ್ಯೂಟರುಗಳಿಗೂ ಇದು ಮಾಮೂಲು.

ಕೈಗೆ ಬೇಕಾದ್ದು: ಸ್ಪಾನರ್ ಸೆಟ್, ಪ್ಲಗ್ ಸ್ಪಾನರ್, ಚಪ್ಪಟೆ ಸ್ಕ್ರೂಡ್ರೈವರ್, ಫೀಲರ್ ಗೇಜ್, ಗಾಡಿಯ ಬ್ಯಾಟರಿಗೆ ತಕ್ಕ ಬಲ್ಬಿಗೆ ಎರಡು ವೈರ್ ಹಚ್ಚಿದ ಟೆಸ್ಟ್ ಲ್ಯಾಂಪ್, ಟಾರ್ಚ್, ಸ್ಟಾರ್ಟಿಂಗ್ ಹ್ಯಾಂಡಲ್. ಹಳೆ ಜೀಪುಗಳಲ್ಲಿ 6 ವೋಲ್ಟಿನವೂ ಇವೆ, 12 ವೋಲ್ಟಿನವೂ ಇವೆ. ಬಲ್ಬು ಮತ್ತು ಕಾಯಿಲ್ ಎರಡೂ ಅದಕ್ಕೆ ಹೊಂದಬೇಕು. ಸ್ಪಾರ್ಕಿಗೆ ಸರಿಯಾಗಿ ಮಿನುಗುವ ಟೈಮಿಂಗ್ ಲೈಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಹಳೆಯದನ್ನು ಎತ್ತುವ ಮೊದಲು

ಜೀಪನ್ನು ಸಮತಟ್ಟಾದ ಜಾಗಕ್ಕೆ ತನ್ನಿ. ತೋಟದಲ್ಲಿ ಅಂಥ ಜಾಗ ಎಂದರೆ ಕಾಫಿ ಒಣಗಿಸುವ ಕಣವೇ. ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿ.

ಪ್ಲಗ್ಗುಗಳ ಸುತ್ತ ಕೂತ ಮಣ್ಣನ್ನು ಗಾಳಿ ಹೊಡೆದೋ ಬ್ರಷ್ಷಿನಿಂದಲೋ ತೆಗೆದು ನಾಲ್ಕೂ ಪ್ಲಗ್ ಬಿಚ್ಚಿ. ಪ್ಲಗ್ ತೆಗೆದರೆ ಕಂಪ್ರೆಷನ್ ಇರುವುದಿಲ್ಲ, ಹ್ಯಾಂಡಲ್ ಕೈಬೆರಳಿಗೂ ಬಗ್ಗುತ್ತದೆ. ರೇಡಿಯೇಟರ್ ಕಡೆಯ ಸಿಲಿಂಡರೇ 1ನೇದು. ಅದರ ಪ್ಲಗ್ ರಂಧ್ರಕ್ಕೆ ಹೆಬ್ಬೆರಳು ಒತ್ತಿಹಿಡಿದು, ಇನ್ನೊಬ್ಬರಿಂದ ಹ್ಯಾಂಡಲ್ ತಿರುಗಿಸಿ. ಎಂಜಿನ್ ತಿರುಗುವುದು ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ. ಗಾಳಿ ಹೆಬ್ಬೆರಳನ್ನು ನೂಕತೊಡಗಿದರೆ 1ನೇ ಪಿಸ್ಟನ್ ಕಂಪ್ರೆಷನ್ನಿನಲ್ಲಿ ಮೇಲೆ ಬರುತ್ತಿದೆ. ಅಲ್ಲಿಂದ ನಿಧಾನ, ಗುರುತಿನ ಮೇಲೆ ಕಣ್ಣಿಡಿ.

ಗುರುತು ಎರಡು ಕಡೆ ಇರಬಹುದು. ಹಳೆ ಎಂಜಿನ್ನುಗಳಲ್ಲಿ ಬೆಲ್ ಹೌಸಿಂಗಿನ ಚಿಕ್ಕ ಕಿಂಡಿಯ ಮುಚ್ಚಳ ಸರಿಸಿದರೆ ಫ್ಲೈವೀಲಿನ ಮೇಲೆ ಕೆತ್ತಿದ "ಟಿಸಿ", "ಐಜಿಎನ್" ಅಕ್ಷರಗಳು ಕಾಣುತ್ತವೆ. ಆಮೇಲಿನವುಗಳಲ್ಲಿ ಮುಂದಿನ ಪುಲ್ಲಿಯ ಮೇಲೊಂದು ಕಚ್ಚು, ಟೈಮಿಂಗ್ ಕವರಿನ ಮೇಲೆ ಅದಕ್ಕೆ ಎದುರಾದ ಗುರುತು. ನಮಗೆ ಬೇಕಾದ್ದು ಟಾಪ್ ಡೆಡ್ ಸೆಂಟರಿಗಿಂತ (ಪಿಸ್ಟನ್ ತೀರಾ ಮೇಲಿರುವ ಬಿಂದು, "ಟಿಸಿ" ಗುರುತು) 5 ಡಿಗ್ರಿ ಮೊದಲು, ಅಂದರೆ "ಐಜಿಎನ್" ಗುರುತು. 5 ಡಿಗ್ರಿಯ ಗುರುತು ಅಳಿಸಿಹೋಗಿ ಟಾಪಿನದು ಮಾತ್ರ ಉಳಿದಿದ್ದರೆ ನೀವೇ ಹಾಕಿಕೊಳ್ಳಬಹುದು. ಪುಲ್ಲಿಯ ಸುತ್ತಳತೆಯನ್ನು ದಾರದಿಂದ ಅಳೆದು 72ರಿಂದ ಭಾಗಿಸಿ. ಸುತ್ತಳತೆ 432 ಮಿ.ಮೀ. ಇದ್ದರೆ 5 ಡಿಗ್ರಿ ಎಂದರೆ 6 ಮಿ.ಮೀ. ಪುಲ್ಲಿಯ ಟಾಪ್ ಕಚ್ಚಿನಿಂದ ಅದು ತಿರುಗುವ ದಿಕ್ಕಿಗೆ 6 ಮಿ.ಮೀ. ಮುಂದೆ ಹೊಸ ಗೆರೆ ಎಳೆಯಿರಿ, ಕವರಿನ ಗುರುತಿನೆದುರು ಮೊದಲು ಬರಬೇಕಾದ್ದು ಈ ಗೆರೆ, ಆಮೇಲೆ ಕಚ್ಚು. ಎಲೆಯಡಿಕೆಯ ಸುಣ್ಣ ಒಂದು ಚಿಟಿಕೆ ಹಚ್ಚಿದರೆ ಕತ್ತಲಲ್ಲೂ ಕಾಣುತ್ತದೆ.

ಗುರುತು ದಾಟಿ ಹೋದರೆ ಅಷ್ಟೇ ಹಿಂದಕ್ಕೆ ತಂದು ನಿಲ್ಲಿಸಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಸವೆದ ಟೈಮಿಂಗ್ ಗೇರು, ಆಯಿಲ್ ಪಂಪ್ ಗೇರುಗಳ ನಡುವೆ ಸಡಿಲು ಇರುತ್ತದೆ. ಎಂಜಿನ್ ಓಡುವಾಗ ಆ ಸಡಿಲು ಒಂದೇ ಕಡೆ ಒತ್ತಿಕೊಂಡಿರುತ್ತದೆ, ನೀವೂ ಆ ಕಡೆಯಿಂದಲೇ ಬರಬೇಕು.

ಈಗ ವೈರುಗಳನ್ನು ಕೀಳದೆ ಕ್ಯಾಪನ್ನು ಹಾಗೇ ಬಿಚ್ಚಿ ಪಕ್ಕಕ್ಕೆ ಕಟ್ಟಿ. ರೋಟರ್ ಎತ್ತ ಮುಖ ಮಾಡಿದೆಯೋ ಅಲ್ಲಿ ಡಿಸ್ಟ್ರಿಬ್ಯೂಟರಿನ ಅಂಚಿಗೊಂದು ಗೀರು, ಅದೇ ನೇರಕ್ಕೆ ಬ್ಲಾಕಿಗೊಂದು ಗೀರು. ಕ್ಯಾಪಿನಲ್ಲಿ 1ನೇ ವೈರ್ ಯಾವುದೆಂದು ದಾರ ಕಟ್ಟಿಡಿ. ಫೋಟೊ ಸಾಕಲ್ಲವೇ ಎನ್ನಿಸಬಹುದು. ಫೋಟೊದಲ್ಲಿ ಕೋನ ತಿಳಿಯುವುದಿಲ್ಲ, ಗೀರು ಹಾಕಿ.

ಎತ್ತುವುದು, ಇಳಿಸುವುದು

ಕಾಯಿಲಿನಿಂದ ಬರುವ ಸಣ್ಣ ವೈರ್ ಬಿಚ್ಚಿ, ಬುಡದ ಕ್ಲಾಂಪಿನ ಬೋಲ್ಟ್ ತೆಗೆದು ಎಡಕ್ಕೂ ಬಲಕ್ಕೂ ತಿರುಚುತ್ತ ಮೇಲೆತ್ತಿ. ಹಿಡಿದುಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಸುತ್ತಿಗೆಯಿಂದ ಬಡಿದರೆ ಒಡೆಯುವುದು ಕ್ಯಾಪ್ ಕೂರುವ ಅಂಚೇ. ಹೊರಬಂದ ಮೇಲೆ ರಂಧ್ರಕ್ಕೆ ಟಾರ್ಚ್ ಬಿಟ್ಟು ಸೀಳಿನ ದಿಕ್ಕು ನೋಡಿ, ನೆನಪಿಗೆ ಬರೆದಿಟ್ಟುಕೊಳ್ಳಿ. ರಂಧ್ರಕ್ಕೆ ಶುದ್ಧ ಬಟ್ಟೆ ತುರುಕಿ. ಒಳಗೆ ಬಿದ್ದ ನಟ್ಟು ಎಂಜಿನ್ ಬಿಚ್ಚಿಸದೆ ಬಿಡದು. ಹೊಸದು ಕೂತು ಟೈಮಿಂಗ್ ಹಿಡಿದು ಬಿಗಿ ಮಾಡುವವರೆಗೆ ಹ್ಯಾಂಡಲ್ ಮುಟ್ಟುವಂತಿಲ್ಲ.

ಹೊಸದನ್ನು ಇಳಿಸುವ ಮೊದಲು ಹಲಗೆಯ ಮೇಲೇ ಗ್ಯಾಪ್ ಹಾಕಿಬಿಡಿ, ಬಾನೆಟ್ಟಿನಡಿ ಬಗ್ಗಿಕೊಂಡು ಹಾಕುವುದಕ್ಕಿಂತ ಎಷ್ಟೋ ಸಲೀಸು. ಹೊಸ ಪಾಯಿಂಟಿನ ಮೇಲೆ ತುಕ್ಕು ಹಿಡಿಯದಿರಲು ಹಚ್ಚಿದ ಎಣ್ಣೆಯ ಪದರ ಇರುತ್ತದೆ, ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಅದನ್ನು ಬಿಟ್ಟರೆ "ಎಲ್ಲ ಹೊಸದು, ಆದರೂ ಸ್ಪಾರ್ಕಿಲ್ಲ" ಎಂಬ ಒಗಟು ಶುರು. ಪಾಯಿಂಟಿನ ಹೀಲ್ (ಕ್ಯಾಮಿಗೆ ಉಜ್ಜುವ ಉಬ್ಬು) ಕ್ಯಾಮಿನ ಮೂಲೆಯ ನೆತ್ತಿಯ ಮೇಲೆ ಬರುವಂತೆ ಶಾಫ್ಟ್ ತಿರುಗಿಸಿ ಗೇಜ್ ಹಾಕಿ. ಆಟೊಲೈಟ್ ಮಾದರಿಯ ಮೂಲ ಡಿಸ್ಟ್ರಿಬ್ಯೂಟರಿಗೆ 0.5 ಮಿ.ಮೀ., ಲೂಕಾಸ್ ಮಾದರಿಗೆ 0.35ರಿಂದ 0.40. ಲೂಕಾಸನ್ನು ತಂದು ಜೀಪಿನ ಪುಸ್ತಕದ 0.5 ಹಾಕಿದರೆ ಪಾಯಿಂಟ್ ಮುಚ್ಚಿರುವ ಹೊತ್ತು ಕಡಿಮೆಯಾಗಿ ವೇಗದಲ್ಲಿ ಸ್ಪಾರ್ಕ್ ಸೊರಗುತ್ತದೆ. ಗೇಜ್ ಬೆಣ್ಣೆಯಲ್ಲಿ ಹಾಯ್ದಂತೆ ಸಣ್ಣ ಹಿಡಿತದಲ್ಲಿ ಬರಬೇಕು, ಪಾಯಿಂಟನ್ನು ತಳ್ಳಿಕೊಂಡು ಹೋಗಬಾರದು. ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಸರಿದಿರುತ್ತದೆ. ಹೀಲ್ ಉಜ್ಜುವ ಕ್ಯಾಮಿಗೆ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್, ರೋಟರಿನಡಿಯ ಫೆಲ್ಟಿಗೆ ಎರಡೇ ಹನಿ ಎಂಜಿನ್ ಆಯಿಲ್. ಧಾರಾಳ ಮಾಡಿದರೆ ಅದು ಚಿಮ್ಮಿ ಪಾಯಿಂಟಿಗೆ ಅಂಟಿ ಸುಡುತ್ತದೆ.

ಕೊಳವೆಗೆ ತೆಳ್ಳಗೆ ಎಣ್ಣೆ ಸವರಿ, ರೋಟರನ್ನು ಹಳೆಯ ಗೀರಿನ ನೇರಕ್ಕೆ ತಿರುಗಿಸಿ ಇಳಿಸಿ. ನಾಲಿಗೆ ಸೀಳಿಗೆ ಸಿಗುವವರೆಗೆ ರೋಟರನ್ನು ಅತ್ತಿತ್ತ ಆಡಿಸಿ. ಸಿಕ್ಕಾಗ ಟಕ್ಕೆಂದು ಪೂರ್ತಿ ಕೆಳಗೆ ಕೂರುತ್ತದೆ. ಬುಡ ಬ್ಲಾಕಿಗೆ ತಾಗದೆ ಅಂತರ ಉಳಿದಿದ್ದರೆ ನಾಲಿಗೆ ಇಳಿದಿಲ್ಲ. ಆಗ ಕ್ಲಾಂಪಿನ ಬೋಲ್ಟಿನಿಂದ ಎಳೆದು ಕೂರಿಸಲು ಹೋದರೆ ನಾಲಿಗೆಯೋ ಪಂಪಿನ ಶಾಫ್ಟೋ ಮುರಿಯುತ್ತದೆ. ಹೆಲಿಕಲ್ ಗೇರಿನ ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್ನುಗಳಲ್ಲಿ ಇಳಿಸುವಾಗ ರೋಟರ್ ತಿರುಗಿಕೊಳ್ಳುತ್ತದೆ, ಇಲ್ಲಿ ಆ ತಾಪತ್ರಯವಿಲ್ಲ.

ಹಿಂದೆ ಯಾರಾದರೂ ಆಯಿಲ್ ಪಂಪ್ ಬಿಚ್ಚಿ ಹಲ್ಲು ಲೆಕ್ಕವಿಲ್ಲದೆ ಹಾಕಿದ್ದರೆ ಸೀಳು ಬೇರೆ ದಿಕ್ಕಿಗಿರುತ್ತದೆ, ರೋಟರ್ ಪುಸ್ತಕದಲ್ಲಿ ಇರುವ ಕಡೆ ಮುಖ ಮಾಡುವುದಿಲ್ಲ. ಶುದ್ಧ ಕ್ರಮವೆಂದರೆ ಪಂಪ್ ಬಿಚ್ಚಿ ಸರಿಯಾದ ಹಲ್ಲಿಗೆ ಕೂರಿಸುವುದು. ಆದರೆ ಕ್ಯಾಪಿನ ಯಾವ ಗೂಡು 1ನೇದು ಎಂಬುದರಿಂದ ಎಂಜಿನ್ನಿಗೆ ಆಗಬೇಕಾದ್ದೇನೂ ಇಲ್ಲ. 1ನೇ ಸಿಲಿಂಡರಿನ ಹೊತ್ತಿಗೆ ರೋಟರ್ ಎದುರಿಗಿರುವ ಗೂಡೇ 1 ಎಂದುಕೊಂಡು ವೈರ್ ಹಾಕಿ. ಕ್ಲಾಂಪಿನ ಸೀಳಿನಲ್ಲಿ ಅತ್ತಿತ್ತ ತಿರುಗಿಸಲು ಜಾಗವಿದ್ದು ವೈರುಗಳು ಎಟುಕಿದರೆ ಪಂಪ್ ಬಿಚ್ಚುವ ಕಷ್ಟ ಬೇಡ.

ಲ್ಯಾಂಪಿನಿಂದ ಟೈಮಿಂಗ್

ಕಾಯಿಲಿನ ಸಣ್ಣ ವೈರನ್ನು ಡಿಸ್ಟ್ರಿಬ್ಯೂಟರಿಗೆ ಮತ್ತೆ ಸಿಕ್ಕಿಸಿ, ಬ್ಯಾಟರಿ ವೈರ್ ಹಾಕಿ. ಕಾಯಿಲಿನ ನಡುವಿನ ದಪ್ಪ ವೈರನ್ನು ಕ್ಯಾಪಿನಿಂದ ಕಿತ್ತು ತುದಿಯನ್ನು ಬ್ಲಾಕಿಗೆ ತಾಗಿಸಿ ಕಟ್ಟಿ. ಪ್ಲಗ್ ರಂಧ್ರಗಳು ತೆರೆದಿವೆ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ, ಹತ್ತಿರದಲ್ಲಿ ಕಿಡಿ ಹಾರಬಾರದು. ಟೆಸ್ಟ್ ಲ್ಯಾಂಪಿನ ಒಂದು ವೈರ್ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಟರ್ಮಿನಲ್ಲಿಗೆ (ಹಳೆ ಕಾಯಿಲಿನಲ್ಲಿ "ಸಿಬಿ" ಎಂದಿರುತ್ತದೆ), ಇನ್ನೊಂದು ಬ್ಲಾಕಿಗೆ. ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದರೆ ಕರೆಂಟು ಅದರ ಮೂಲಕವೇ ಅರ್ಥಿಗೆ ಇಳಿಯುವುದರಿಂದ ಲ್ಯಾಂಪ್ ಆರಿರುತ್ತದೆ. ಪಾಯಿಂಟ್ ತೆರೆದ ಕ್ಷಣ ಉರಿಯುತ್ತದೆ. ಸ್ಪಾರ್ಕ್ ಹುಟ್ಟುವುದೂ ಅದೇ ಕ್ಷಣಕ್ಕೆ.

ಎಂಜಿನ್ 5 ಡಿಗ್ರಿ ಗುರುತಿನಲ್ಲೇ ನಿಂತಿದೆ. ಕ್ಲಾಂಪ್ ಅರೆಬಿಗಿ ಇರಲಿ. ಡಿಸ್ಟ್ರಿಬ್ಯೂಟರಿನ ಮೈಯನ್ನು ರೋಟರ್ ತಿರುಗುವ ದಿಕ್ಕಿಗೆ, ಅಂದರೆ ಗಡಿಯಾರಕ್ಕೆ ಎದುರಾಗಿ, ಲ್ಯಾಂಪ್ ಆರುವವರೆಗೆ ತಿರುಗಿಸಿ. ಆಮೇಲೆ ಗಡಿಯಾರದ ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ತನ್ನಿ, ಲ್ಯಾಂಪ್ ಹತ್ತಿದ ಕೂಡಲೇ ನಿಲ್ಲಿಸಿ ಬಿಗಿ ಮಾಡಿ. ಹೀಗೆ ಮಾಡುವಾಗ ರೋಟರನ್ನು ಬೆರಳಿನಿಂದ ಅದರ ತಿರುಗುವ ದಿಕ್ಕಿಗೆ ಎದುರಾಗಿ ಹಗುರವಾಗಿ ಒತ್ತಿ ಹಿಡಿದಿದ್ದರೆ ಸಡಿಲಿನ ಲೆಕ್ಕ ತಪ್ಪುವುದಿಲ್ಲ. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಇಲ್ಲಿ 1 ಡಿಗ್ರಿ ಸರಿದರೆ ಪುಲ್ಲಿಯಲ್ಲಿ 2 ಡಿಗ್ರಿ. ಅಂಗೈ ಬಲದಿಂದ ತಿರುಗಿಸುವ ಕೆಲಸವಲ್ಲ.

ಪರೀಕ್ಷೆಗೆ ಹ್ಯಾಂಡಲನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಗುರುತು ಕೂಡಿದಾಗಲೇ ಲ್ಯಾಂಪ್ ಹತ್ತಬೇಕು. ಮೊದಲೇ ಹತ್ತಿದರೆ ಅಡ್ವಾನ್ಸ್ ಆಗಿದೆ, ಮೈಯನ್ನು ಗಡಿಯಾರಕ್ಕೆ ಎದುರಾಗಿ ಸರಿಸಿ. ತಡವಾದರೆ ಗಡಿಯಾರದ ದಿಕ್ಕಿಗೆ. ಗುರುತು ಸಿಕ್ಕ ಮೇಲೆ ಇಗ್ನಿಷನ್ ಆಫ್ ಮಾಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಕೀ ಆನ್ ಇಟ್ಟು ಕಾಫಿಗೆ ಹೋದರೆ ವಾಪಸು ಬರುವಷ್ಟರಲ್ಲಿ ಕಾಯಿಲ್ ಮುಟ್ಟಲಾಗದಷ್ಟು ಕಾದಿರುತ್ತದೆ.

ಲ್ಯಾಂಪಿಲ್ಲದೆ ತೆಳು ಕಾಗದದಲ್ಲಿ ಮಾಡುವ ಹಳೆ ಉಪಾಯವೂ ಇದೆ: ಪಾಯಿಂಟಿನ ನಡುವೆ ಕಾಗದ ಸಿಕ್ಕಿಸಿ ಹಗುರವಾಗಿ ಎಳೆಯುತ್ತಿರುವುದು, ಅದು ಜಾರಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಆಪತ್ತಿಗೆ ಆಗುತ್ತದೆ, ನಿಖರತೆ ಲ್ಯಾಂಪಿನಷ್ಟಿಲ್ಲ. ಕಾಗದದ ನಾರು ಪಾಯಿಂಟಿನಲ್ಲಿ ಉಳಿಯದಂತೆ ಒರೆಸಿ.

ವೈರುಗಳು

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಸಿಗುವ ಸರದಿ, 1-3-4-2, ಕ್ಯಾಪಿನ ಮೇಲೆ ಗಡಿಯಾರಕ್ಕೆ ಎದುರಾಗಿ. ರೋಟರ್ ಎದುರಿನ ಗೂಡಿಗೆ 1, ಆಮೇಲೆ ಎಡಸುತ್ತಾಗಿ 3, 4, 2. ಮರೆತು ಬಲಸುತ್ತಾಗಿ ಹಾಕಿದರೆ ಒಂದು ತಮಾಷೆ ಆಗುತ್ತದೆ: 1 ಮತ್ತು 4 ಸರಿಯಾದ ಜಾಗದಲ್ಲೇ ಉಳಿದು 2, 3 ಮಾತ್ರ ಅದಲುಬದಲಾಗುತ್ತವೆ. ಎರಡು ಸಿಲಿಂಡರಿನಲ್ಲಿ ಎಂಜಿನ್ ನಡುಗುತ್ತ ಹಿಡಿದುಕೊಳ್ಳಬಹುದು, ಕಾರ್ಬುರೇಟರಿನಿಂದ ಫಟ್ ಫಟ್ ಎನ್ನುತ್ತದೆ. ಅದನ್ನು ಕಂಡು ಟೈಮಿಂಗ್ ತಿರುಗಿಸುವವರು ದಿನವಿಡೀ ತಿರುಗಿಸುತ್ತಿರುತ್ತಾರೆ. ನಾಲ್ಕೂ ವೈರ್ ಎರಡೆರಡು ಗೂಡು ತಪ್ಪಿದ್ದರೆ ಸ್ಟಾರ್ಟೇ ಆಗುವುದಿಲ್ಲ, ಸೈಲೆನ್ಸರಿನಿಂದ ಗುಂಡು ಹಾರಿದಂತೆ ಸದ್ದು ಬರಬಹುದು. 1ನೇದನ್ನು ಹುಡುಕುವಾಗ ಕಂಪ್ರೆಷನ್ ಬದಲು ಎಕ್ಸಾಸ್ಟಿನ ಟಾಪ್ ಹಿಡಿದರೆ ಆಗುವುದು ಇದೇ.

ಪ್ಲಗ್ ಗ್ಯಾಪ್ 0.75 ಮಿ.ಮೀ. ನೋಡಿ ಹಾಕಿ. ಕಾಯಿಲಿನ ದಪ್ಪ ವೈರನ್ನು ಕ್ಯಾಪಿನ ನಡುವಿಗೆ ವಾಪಸು ಹಾಕಿ, ಗೂಡಿನೊಳಗೆ ವೈರ್ ಪೂರ್ತಿ ಕೂತಿದೆಯೇ ಎಂದು ಒಂದೊಂದನ್ನೂ ಒತ್ತಿ ನೋಡಿ.

ಸ್ಟಾರ್ಟ್ ಮಾಡಿದ ಮೇಲೆ

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಟೈಮಿಂಗ್ ಲೈಟ್ ಇದ್ದರೆ 1ನೇ ವೈರಿಗೆ ಹಾಕಿ, 600 ಆರ್‌ಪಿಎಂ ಸುತ್ತಿನ ಐಡ್ಲಿಂಗಿನಲ್ಲಿ ಸುಣ್ಣದ ಗುರುತು 5 ಡಿಗ್ರಿಯಲ್ಲಿ ಸ್ಥಿರವಾಗಿ ನಿಂತಂತೆ ಕಾಣಬೇಕು. ತಂದ ಡಿಸ್ಟ್ರಿಬ್ಯೂಟರಿಗೆ ವ್ಯಾಕ್ಯೂಮ್ ಡಬ್ಬಿ ಇದ್ದರೆ ಅದರ ಪೈಪ್ ಕಿತ್ತು ಬಾಯಿ ಮುಚ್ಚಿ ನೋಡಿ. ಆಕ್ಸಿಲರೇಟರ್ ಒತ್ತಿದಂತೆ ಗುರುತು ಪುಲ್ಲಿ ತಿರುಗುವ ದಿಕ್ಕಿಗೆ ಎದುರಾಗಿ ಸರಿಯಬೇಕು (ಅಡ್ವಾನ್ಸ್ ಆಗುತ್ತಿದೆ ಎಂದರ್ಥ), ಬಿಟ್ಟಾಗ ವಾಪಸು ಬರಬೇಕು. ಕದಲದಿದ್ದರೆ ತೂಕದ ತುಂಡು ಹಿಡಿದಿದೆ. ಐಡ್ಲಿಂಗಿನಲ್ಲೇ ಕುಣಿಯುತ್ತಿದ್ದರೆ ಶಾಫ್ಟ್ ಅಲ್ಲಾಡುತ್ತಿದೆ. ಬಗ್ಗಿ ನೋಡುವಾಗ ಫ್ಯಾನ್ ಮರೆಯಬೇಡಿ, ಕತ್ತಿನ ಶಾಲು, ತಲೆವಸ್ತ್ರ ತೆಗೆದಿಡಿ.

ಕೊನೆಯ ತೀರ್ಪು ಏರಿನದು. ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ಘಾಟಿಗಿಂತ ಒಳ್ಳೆಯ ಪರೀಕ್ಷೆ ಬೇಡ, ಭಾಗಮಂಡಲದಿಂದ ತಲಕಾವೇರಿಯ ಏರಾದರೂ ಆದೀತು. ನಾಲ್ಕು ಜನರನ್ನು ಕೂರಿಸಿಕೊಂಡು ಮೇಲಿನ ಗೇರಿನಲ್ಲೇ ಎಳೆಸಿ. ಟಿನ್ನಿನಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬಂದರೆ ನಾಕಿಂಗ್, ಟೈಮಿಂಗ್ ಮುಂದಿದೆ. ಪುಲ್ಲಿಯಲ್ಲಿ 1-2 ಡಿಗ್ರಿ ಹಿಂದೆ ತನ್ನಿ. ಸದ್ದಿಲ್ಲ, ಆದರೆ ಎಳೆತವೂ ಇಲ್ಲ, ರೇಡಿಯೇಟರ್ ಕುದಿಯುತ್ತಿದೆ, ಎಕ್ಸಾಸ್ಟ್ ವಿಪರೀತ ಕಾಯುತ್ತಿದೆ ಎಂದರೆ ಟೈಮಿಂಗ್ ಹಿಂದೆ ಬಿದ್ದಿದೆ. ಹಳೆಯ ಮಾತೊಂದಿದೆ: ನಾಕಿಂಗ್ ಬರುವವರೆಗೆ ಮುಂದೆ ತಂದು ಸ್ವಲ್ಪ ಬಿಡು ಎಂದು. ಕಂಪ್ರೆಷನ್ ಕಡಿಮೆ ಇರುವ ಈ ಎಂಜಿನ್ನಿಗೆ, ಈಗಿನ ಪೆಟ್ರೋಲಿಗೆ, ಆ ಮಾತು ನಂಬಿದರೆ ಕೆಟ್ಟಿರಿ. ನಾಕಿಂಗ್ ಕೇಳಿಸುವ ಹೊತ್ತಿಗೆ ಟೈಮಿಂಗ್ ಬೇಕಾದ್ದಕ್ಕಿಂತ ಬಹಳ ಮುಂದೆ ಹೋಗಿರುತ್ತದೆ, ಹ್ಯಾಂಡಲ್ ಹೊಡೆದರೆ ತಿರುಗಿ ಒದೆಯುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಒಂದೇ ಬದಿಗಿರಲಿ ಎನ್ನುವುದು ಅದಕ್ಕೇ.

ಈಗಿನ ಎಥೆನಾಲ್ ಬೆರೆತ ಪೆಟ್ರೋಲಿನ ಇನ್ನೊಂದು ಕಾಟ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆ ಕಾರ್ಬುರೇಟರಿನ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಕೊಟ್ಟಾಗ ಕಾರ್ಬುರೇಟರ್ ಕೆಮ್ಮಿದರೆ ಟೈಮಿಂಗಿನ ಮೇಲೆ ಹರಿಹಾಯುವ ಮೊದಲು ಅರ್ಧ ಚೋಕ್ ಎಳೆದು ನೋಡಿ. ಚೋಕಿನಲ್ಲಿ ಸರಿಹೋದರೆ ತಪ್ಪು ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನದು.

ಮಳೆಗೆ

ಕ್ಯಾಪ್ ಹೊಸದೇ ಇರಲಿ, ಮಳೆ ಶುರುವಾಗುವ ಮೊದಲು ವೈರ್ ಗೂಡು ಸೇರುವಲ್ಲಿ ರಬ್ಬರ್ ಟೋಪಿಯೊಳಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ತೋಡು ದಾಟುವಾಗ ಫ್ಯಾನ್ ನೀರನ್ನು ಎತ್ತಿ ನೇರ ಎಂಜಿನ್ ಮೇಲೆ ಎರಚುತ್ತದೆ. ಆಳ ಇದ್ದರೆ ಫ್ಯಾನ್ ಬೆಲ್ಟ್ ಸಡಿಲಿಸಿ ದಾಟುವುದು ಹಳೆಯ ರೂಢಿ, ದಾಟಿದ ಕೂಡಲೇ ಬಿಗಿಯಬೇಕು. ಕ್ಯಾಪಿನೊಳಗೆ ಎರಡು ಗೂಡುಗಳ ನಡುವೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀರು ಕಂಡರೆ ಅದು ಕಾರ್ಬನ್ ದಾರಿ. ಕೆರೆದರೆ ಒಂದು ವಾರ ಸುಮ್ಮನಿದ್ದು ಮತ್ತೆ ಬರುತ್ತದೆ, ಕ್ಯಾಪ್ ಎಸೆಯಿರಿ. ವೈರ್ ಸೋರುತ್ತಿದೆಯೇ ಎಂಬ ಅನುಮಾನಕ್ಕೆ ಮಂಜು ಕವಿದ ರಾತ್ರಿ ದೀಪ ಆರಿಸಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ ನೋಡಿ. ಸೋರುವ ಕಡೆ ನೀಲಿ ಎಳೆಗಳು ವೈರಿನಿಂದ ಬ್ಲಾಕಿಗೆ ಹರಿದಾಡುತ್ತವೆ, ಚಿಟಚಿಟ ಸದ್ದೂ ಕೇಳುತ್ತದೆ. ಬರಿಗೈಯಲ್ಲಿ ಮುಟ್ಟಿ ನೋಡಲು ಹೋಗಬೇಡಿ.

ಹೊಸ ಪಾಯಿಂಟಿನ ಹೀಲ್ ಮೊದಮೊದಲು ಬೇಗ ಸವೆಯುತ್ತದೆ. ಹೀಲ್ ಸವೆದರೆ ಗ್ಯಾಪ್ ಕಿರಿದಾಗುತ್ತದೆ, ಗ್ಯಾಪ್ ಕಿರಿದಾದರೆ ಪಾಯಿಂಟ್ ತಡವಾಗಿ ತೆರೆದು ಟೈಮಿಂಗ್ ಹಿಂದೆ ಬೀಳುತ್ತದೆ. 500 ಕಿ.ಮೀ. ಆದ ಮೇಲೆ ಕ್ಯಾಪ್ ಬಿಚ್ಚಿ ಮೊದಲು ಗ್ಯಾಪ್ ಸರಿ ಮಾಡಿ, ಆಮೇಲೆ ಲ್ಯಾಂಪ್ ಹಾಕಿ ಟೈಮಿಂಗ್ ನೋಡಿ, ಕ್ಲಾಂಪಿನ ಬೋಲ್ಟಿಗೂ ಒಮ್ಮೆ ಸ್ಪಾನರ್ ಹಾಕಿ.